ನಂದಿ ಇಳಿಯುವಾಗ ಬಿದ್ದ ಮೇಲೆ ಕಾರ್ಬನ್ ಫೈಬರ್ ಸೈಕಲ್ಲಿನಲ್ಲಿ ಟಿಕ್ ಟಿಕ್ ಸದ್ದು, ಫ್ರೇಮ್ ಹೋಯ್ತಾ?

ಕರಹಳ್ಳಿಕ್ರಾಸ್:
ಮೂರು ವಾರದಿಂದ ತಲೆ ಕೆಟ್ಟು ಹೋಗಿದೆ. ನಂದಿಬೆಟ್ಟ ಇಳಿಯುವಾಗ ತಿರುವಿನಲ್ಲಿ ಮರಳಿತ್ತು. ಮುಂದಿನ ಚಕ್ರ ಜಾರಿ ಬಲಮಗ್ಗುಲಿಗೆ ಬಿದ್ದೆ. ನನಗೆ ಮೊಣಕೈ ತರಚಿದ್ದು ಬಿಟ್ಟರೆ ಏನೂ ಆಗಲಿಲ್ಲ. ಗಾಡಿ ಮಾತ್ರ ಅವತ್ತಿಂದ ಟಿಕ್ ಟಿಕ್ ಅನ್ನುತ್ತಿದೆ. ಡೌನ್ ಟ್ಯೂಬಿನಲ್ಲಿ (ಹ್ಯಾಂಡಲ್ ಕಡೆಯಿಂದ ಪೆಡಲ್ ಕಡೆಗೆ ಇಳಿಯುವ ಫ್ರೇಮ್ ಕೊಳವೆ) ಅಕ್ಕಿಕಾಳಿನಷ್ಟು ಬಣ್ಣ ಎದ್ದಿದೆ. ಅಂಗಡಿಗೆ ಎರಡು ಸಲ ಕೊಟ್ಟೆ, "ಏನೂ ಇಲ್ಲ ಸರ್, ಓಡಿಸಿ" ಅಂದರು. ಎರಡು ವರ್ಷ ದುಡ್ಡು ಕೂಡಿಸಿ ತಗೊಂಡ ಗಾಡಿ. ಯಾರಾದ್ರೂ ದಾರಿ ತೋರಿಸಿ.

ಪೆಡಲ್‌ಭಟ್ಟ:
ಬಾಟಮ್ ಬ್ರಾಕೆಟ್ (ಬಿಬಿ, ಪೆಡಲ್ ಅಚ್ಚು ತಿರುಗುವ ಬೇರಿಂಗ್ ಜೋಡಣೆ) ಯಾವುದು? ಪ್ರೆಸ್-ಫಿಟ್, ಅಂದರೆ ಫ್ರೇಮಿನೊಳಗೆ ಒತ್ತಿ ಕೂರಿಸಿದ್ದು ಆದರೆ ಬೇರೆ ಹುಡುಕಬೇಡಿ, ಅದೇ.

ಕರಹಳ್ಳಿಕ್ರಾಸ್:
ಪ್ರೆಸ್-ಫಿಟ್ಟೇ. ಆದರೆ ಬೀಳುವ ಮುಂಚೆ ಒಂದು ಚೂರೂ ಸದ್ದು ಇರಲಿಲ್ಲ.

ಪೆಡಲ್‌ಭಟ್ಟ:
ಬಿದ್ದ ಏಟಿಗೆ ಬೇರಿಂಗ್ ಕೂರುವ ಕಪ್ ಅಲುಗಾಡಿರುತ್ತೆ. ಬಿಚ್ಚಿಸಿ, ಒರೆಸಿ, ಮತ್ತೆ ಕೂರಿಸಿ. ನನ್ನ ಮೂರು ಗಾಡಿಯಲ್ಲೂ ಇದೇ ಕತೆ.

ಕರಹಳ್ಳಿಕ್ರಾಸ್:
ಮಾಡಿಸಿದೆ. ಬೇರಿಂಗೂ ಹೊಸದು. ಸದ್ದು ಹಾಗೇ ಇದೆ.

ಪೆಡಲ್‌ಭಟ್ಟ:
ಹಾಗಾದರೆ ಸರಿಯಾಗಿ ಒತ್ತಿಲ್ಲ. ಇನ್ನೊಂದು ಸಲ ಬಿಚ್ಚಿಸಿ.

ತುಮಕೂರು ಸ್ಟೀಲ್:
ಇದಕ್ಕೇ ನಾನು ಕಾರ್ಬನ್ ಮುಟ್ಟೋದಿಲ್ಲ. ಸ್ಟೀಲ್ ಬಗ್ಗುತ್ತೆ, ಕಣ್ಣಿಗೆ ಕಾಣುತ್ತೆ. ಕಾರ್ಬನ್ ಹೇಳದೆ ಕೇಳದೆ ಮುರಿಯುತ್ತೆ. ನನ್ನ ಲಗ್ (ಕೊಳವೆ ಸೇರಿಸುವ ತೋಳು) ಜೋಡಣೆಯ ಫ್ರೇಮಿಗೆ 28 ಮಿ.ಮೀ. ಟೈರ್, ಚರ್ಮದ ಸೀಟು. ಬೆಂಗಳೂರಿಂದ ದೇವರಾಯನದುರ್ಗಕ್ಕೆ ಅದರಲ್ಲೇ ಹೋಗಿ ಬರ್ತೀನಿ, ಒಂದು ಸದ್ದಿಲ್ಲ.

ಪೆಡಲ್‌ಭಟ್ಟ:
ಅವರು ಕೇಳಿದ್ದು ಅದಲ್ಲ ಸರ್. ಬಿದ್ದ ಮೇಲೆ ಅಲ್ಯೂಮಿನಿಯಂ ಹ್ಯಾಂಡಲ್‌ಬಾರನ್ನೂ ನಂಬೋಕಾಗಲ್ಲ.

ಕುಡ್ಲದ ಗಾಳಿ:
ಮಾರಾಯ್ರೆ, ಮೊದಲು ಅವರ ಫ್ರೇಮ್ ನೋಡುವ. ಬಣ್ಣ ಎದ್ದ ಜಾಗವನ್ನು ಚೆನ್ನಾಗಿ ಒರೆಸಿ. ಒಂದು ರೂಪಾಯಿ ನಾಣ್ಯ ತಗೊಂಡು ದೂರದಿಂದ ಮೆಲ್ಲಗೆ ತಟ್ಟುತ್ತಾ ಆ ಜಾಗಕ್ಕೆ ಬನ್ನಿ. ಚುರುಕಾದ ಟಕ್ ಟಕ್ ಒಂದೇ ಸಮ ಬಂದರೆ ಒಳ್ಳೆಯದು. ಅಲ್ಲಿ ಮಾತ್ರ ಮಂಕಾಗಿ ಡಬ್ ಅಂದರೆ ಒಳಗೆ ಪದರ ಬಿಟ್ಟಿರಬಹುದು. ಜಾಯಿಂಟ್ ಹತ್ತಿರ ಕಾರ್ಬನ್ ದಪ್ಪ, ಅಲ್ಲಿ ಸದ್ದು ಹೇಗೂ ಬದಲಾಗ್ತದೆ, ಹೆದರಬೇಡಿ. ಆಮೇಲೆ ಹತ್ತಿ ಎಳೆಯಿರಿ. ಎಳೆ ಸಿಕ್ಕಿಕೊಂಡರೆ ನಾರು ಎದ್ದಿದೆ. ಇನ್ನೊಂದು ಮಾತು, ಸದ್ದು ಯಾವಾಗ ಬರ್ತದೆ ಅಂತ ನೀವು ಹೇಳಲೇ ಇಲ್ಲ. ಕೂತಾಗಲಾ, ನಿಂತಾಗಲಾ?

ಕರಹಳ್ಳಿಕ್ರಾಸ್:
ಈಗ ತಟ್ಟಿ ನೋಡಿದೆ, ಎಲ್ಲ ಕಡೆ ಒಂದೇ ಸದ್ದು. ಹತ್ತಿಯೂ ಸಿಕ್ಕಿಕೊಳ್ಳಲಿಲ್ಲ. ಟಿಕ್ ಟಿಕ್ ಬರೋದು ಏರಿನಲ್ಲಿ ನಿಂತು ತುಳಿದಾಗ ಮಾತ್ರ. ಕೂತು ತುಳಿದರೆ ಇಲ್ಲ.

ಪೆಡಲ್‌ಭಟ್ಟ:
ನಿಂತು ತುಳಿದಾಗ ಬಿಬಿ ಮೇಲೇ ಭಾರ ಜಾಸ್ತಿ. ನಾನು ಹೇಳಿದ್ದೇ.

ಕುಡ್ಲದ ಗಾಳಿ:
ಕೈ ಮೇಲೂ ಭಾರ ಜಾಸ್ತಿಯೇ ಅಲ್ವಾ? ಹ್ಯಾಂಡಲ್‌ಬಾರನ್ನು ಎಡಕ್ಕೆ ಬಲಕ್ಕೆ ಎಳೀತೀರಿ. ಬಿದ್ದಾಗ ಬ್ರೇಕ್ ಲಿವರ್ ಏನಾಗಿತ್ತು?

ಕರಹಳ್ಳಿಕ್ರಾಸ್:
ಬಲಗಡೆಯದು ಒಳಕ್ಕೆ ತಿರುಗಿತ್ತು. ಅಲ್ಲೇ ರಸ್ತೆ ಬದಿಯಲ್ಲಿ ಕೈಯಿಂದ ತಳ್ಳಿ ನೆಟ್ಟಗೆ ಮಾಡಿ ಮನೆಗೆ ಬಂದೆ. ಎಲ್ಲರಿಗೂ ಆಗುತ್ತಲ್ಲ ಅದು, ಅದಕ್ಕೇ ಬರೆಯಲಿಲ್ಲ.

ಕುಡ್ಲದ ಗಾಳಿ:
ಬಾರ್ ಕಾರ್ಬನ್ನಾ?

ಕರಹಳ್ಳಿಕ್ರಾಸ್:
ಹೌದು.

ಕುಡ್ಲದ ಗಾಳಿ:
ಇವತ್ತು ಗಾಡಿ ಹತ್ತಬೇಡಿ. ಬಾರಿಗೆ ಸುತ್ತಿದ ಟೇಪ್ ಬಿಚ್ಚಿ, ಲಿವರ್ ಸಡಿಲ ಮಾಡಿ ಪಕ್ಕಕ್ಕೆ ಜರುಗಿಸಿ. ಲಿವರ್ ತಿರುಗುವಷ್ಟು ಏಟು ಬಿದ್ದಿದೆ ಅಂದರೆ ಅದರ ಕ್ಲಾಂಪ್ ಬಾರನ್ನು ಕಚ್ಚಿರ್ತದೆ. ಸ್ಪಿರಿಟ್‌ನಿಂದ ಒರೆಸಿ ನೋಡ್ತಾ ಇರಿ. ಸುತ್ತ ಎಲ್ಲ ಆರಿದ ಮೇಲೂ ಒಂದು ಗೆರೆ ಒದ್ದೆಯಾಗಿ ಉಳಿದರೆ ಅದು ಬಿರುಕು.

ಕರಹಳ್ಳಿಕ್ರಾಸ್:
ಬಿಚ್ಚಿದೆ. ಕೈ ನಡುಗುತ್ತಿದೆ. ಕ್ಲಾಂಪ್ ಕೂರುವ ಜಾಗದ ಕೆಳಗಡೆ ಸುಮಾರು ಎರಡು ಸೆಂಟಿಮೀಟರ್ ಗೆರೆ, ಕೂದಲಿನಷ್ಟು ತೆಳ್ಳಗೆ. ಸ್ಪಿರಿಟ್ ಅಲ್ಲಿ ಮಾತ್ರ ನಿಂತಿತು. ಉಗುರು ಎಳೆದರೆ ಸಿಕ್ಕಿಕೊಳ್ಳುತ್ತೆ. ಹೆಬ್ಬೆರಳಲ್ಲಿ ಒತ್ತಿದರೆ ಅದೇ ಟಿಕ್. ಇದೇ ಬಾರ್ ಹಿಡಿದು ಹೋದ ಭಾನುವಾರ ಮತ್ತೆ ನಂದಿ ಇಳಿದಿದ್ದೆ.

ತುಮಕೂರು ಸ್ಟೀಲ್:
ದೇವರು ದೊಡ್ಡವನು. ಮನುಷ್ಯ ಉಳಿದರಲ್ಲ, ಬಾರ್ ಹೋದರೆ ಹೋಗಲಿ.

ಪೆಡಲ್‌ಭಟ್ಟ:
ಒಪ್ಪಿದೆ, ನಾನು ಬಿಬಿ ಹಿಂದೆ ಬಿದ್ದಿದ್ದು ತಪ್ಪಾಯ್ತು. ಆ ಬಾರನ್ನು ಅಂಟು ಹಾಕಿ ರಿಪೇರಿ ಮಾಡಿಸೋಕೆ ಹೋಗಬೇಡಿ. ಫ್ರೇಮ್ ಟ್ಯೂಬಾದರೆ ಕೆಲಸ ಬಲ್ಲವರು ಉಜ್ಜಿ, ಹೊಸ ಪದರ ಇಟ್ಟು, ಎಪಾಕ್ಸಿಯಲ್ಲಿ ಕೂರಿಸ್ತಾರೆ. ಬಾರು, ಸ್ಟೀರರ್ (ಮುಂದಿನ ಚಕ್ರ ಹಿಡಿಯುವ ಫೋರ್ಕಿನ ಮೇಲಿನ ಕೊಳವೆ) ಎರಡಕ್ಕೂ ಬದಲಿಯೇ ಸರಿ. ಹೊಸ ಬಾರಿಗೆ ಗ್ರೀಸ್ ಸವರಿ ಹಾಕಿ.

ಕುಡ್ಲದ ಗಾಳಿ:
ಕಾರ್ಬನ್ನಿಗೆ ಗ್ರೀಸ್ ಬೇಡ! ಜಾರ್ತದೆ. ಜಾರಿತು ಅಂತ ಇನ್ನೂ ಬಿಗಿ ಮಾಡ್ತೀರಿ, ಅದು ಒಡೀತದೆ. ಮರಳಿನಂಥ ಕಣ ಇರುವ ಕಾರ್ಬನ್ ಪೇಸ್ಟ್ ಹಾಕಿ.

ಪೆಡಲ್‌ಭಟ್ಟ:
ಹತ್ತು ವರ್ಷದಿಂದ ಗ್ರೀಸೇ ಹಾಕ್ತಿದ್ದೀನಿ, ಏನೂ ಆಗಿಲ್ಲ.

ಕುಡ್ಲದ ಗಾಳಿ:
ಆಗಿಲ್ಲ ಅಂದ ಮಾತ್ರಕ್ಕೆ ಬೇರೆಯವರಿಗೆ ಹೇಳುವುದು ಸರಿಯಲ್ಲ. ಕರಹಳ್ಳಿಯವರೇ, ಸ್ಟೆಮ್ (ಬಾರನ್ನು ಫೋರ್ಕಿಗೆ ಸೇರಿಸುವ ತುಂಡು) ಮೇಲೆ 5 ನ್ಯೂಟನ್ ಮೀಟರ್ ಅಂತ ಬರೆದಿದ್ದರೆ ಬಿಗಿತ ಅಳೆಯುವ ಟಾರ್ಕ್ ರೆಂಚಲ್ಲಿ ಅಷ್ಟೇ ಬಿಗಿ ಮಾಡಿ. ಬರೀ ಅಲೆನ್ ಕೀ ಹಿಡಿದು ಅಂದಾಜಿಗೆ ಬೇಡ. ಫೋರ್ಕ್ ಕೂಡ ಇಳಿಸಿ ನೋಡಿ. ಸ್ಟೆಮ್ ಹಿಡಿಯುವ ಜಾಗ ಮತ್ತು ಕೆಳಗಿನ ಬೇರಿಂಗ್ ಕೂರುವ ಜಾಗ, ಎರಡೂ.

ಕರಹಳ್ಳಿಕ್ರಾಸ್:
ನಾಲ್ಕು ದಿನ ಆಯ್ತು. ಫೋರ್ಕ್ ಇಳಿಸಿ ಟಾರ್ಚ್ ಹಾಕಿ ನೋಡಿದೆ, ಸ್ಪಿರಿಟ್ ಎಲ್ಲೂ ನಿಲ್ಲಲಿಲ್ಲ. ಸದ್ಯಕ್ಕೆ ಅಲ್ಯೂಮಿನಿಯಂ ಬಾರ್ ಹಾಕಿದ್ದೇನೆ. ಬೆಳಿಗ್ಗೆ ಫ್ಲೈಓವರ್ ಏರಿನಲ್ಲಿ ನಿಂತೇ ತುಳಿದೆ, ಒಂದು ಸದ್ದಿಲ್ಲ. ಕಣ್ಣಲ್ಲಿ ನೀರು ಬಂತು. ನಿಮ್ಮ ಉಪಕಾರ ಮರೆಯಲ್ಲ.
ಗೆಳೆಯನೊಬ್ಬ ಹಳೇ ಬಾರನ್ನು ಮನೆಯೊಳಗೆ ಸೈಕಲ್ ನಿಲ್ಲಿಸಿ ತುಳಿಯುವ ಟ್ರೇನರಿಗೆ ಕೇಳ್ತಿದ್ದಾನೆ, ಕೊಡಲಾ?

ಕುಡ್ಲದ ಗಾಳಿ:
ಖಂಡಿತ ಬೇಡ. ಟ್ರೇನರಲ್ಲೂ ನಿಂತು ತುಳೀತಾರೆ, ಮುರಿದರೆ ಎದೆಗೇ ಚುಚ್ಚುತ್ತದೆ. ಎರಡು ತುಂಡು ಮಾಡಿ ಬಿಸಾಕಿ. ಮಾಸ್ಕ್ ಹಾಕಿಕೊಳ್ಳಿ, ನೀರು ಬಿಡ್ತಾ ಕತ್ತರಿಸಿ. ಆ ದೂಳು ಎದೆಯೊಳಗೆ ಹೋಗಬಾರದು.

ಕರಹಳ್ಳಿಕ್ರಾಸ್:
ಸರಿ, ನಾಳೆಯೇ ಕತ್ತರಿಸ್ತೀನಿ. ಹ್ಯಾಕ್ಸಾಗೆ ಇಂಚಿಗೆ 32 ಹಲ್ಲಿನ ಬ್ಲೇಡ್ ಸಾಕಾ?