ಸಹಾಯ ಬೇಕು: ಉಪ್ಪುನೀರಿನಲ್ಲಿ ಬಾಳಿಕೆ ಬರುವ ವಿಂಡ್‌ಸರ್ಫಿಂಗ್ ಬೂಮ್ ಯಾವುದು?

ಗುಂಪಿನ ಹಿರಿಯರಿಗೂ ಗೆಳೆಯರಿಗೂ ನಮಸ್ಕಾರ. ಆಸ್ಟ್ರೇಲಿಯಾದ ಪರ್ತ್‌ನಲ್ಲಿ ನೆಲೆಸಿರುವ ನಾನು ನಾಲ್ಕು ಬೇಸಿಗೆಗಳಿಂದ, ಹಾಯಿ ಕಟ್ಟಿದ ಹಲಗೆಯ ಮೇಲೆ ನಿಂತು ನೀರಿನಲ್ಲಿ ಸಾಗುವ ವಿಂಡ್‌ಸರ್ಫಿಂಗ್ ಮಾಡುತ್ತಿದ್ದೇನೆ. ‘ಫ್ರೀಮ್ಯಾಂಟಲ್ ಡಾಕ್ಟರ್’ ಎಂದು ಇಲ್ಲಿನವರು ಕರೆಯುವ ಕಡಲಗಾಳಿ ಬೇಸಿಗೆಯ ಮಧ್ಯಾಹ್ನಗಳಲ್ಲಿ ಬಲವಾಗಿ ಬೀಸುವುದರಿಂದ, ಹಾಯಿಯನ್ನು ಕೈಯಿಂದ ಹಿಡಿದು ನಿಲ್ಲಿಸಲು ಅದಕ್ಕೆ ಅಡ್ಡವಾಗಿ ಕಟ್ಟುವ ಕೊಳವೆಯ ಚೌಕಟ್ಟಾದ ಬೂಮ್‌ನ ಮೇಲೆ ಬೀಳುವ ಒತ್ತಡ ಬಹಳ.

ಕಳೆದ ವಾರ ದಡದಿಂದ ಸಾಕಷ್ಟು ದೂರದಲ್ಲಿದ್ದಾಗ ನನ್ನ ಅಲ್ಯೂಮಿನಿಯಂ ಬೂಮ್, ಹಾರ್ನೆಸ್ ಹಗ್ಗ (ಸವಾರನ ಸೊಂಟಪಟ್ಟಿಯ ಕೊಕ್ಕೆಗೆ ಸಿಕ್ಕಿಸುವ ಹಗ್ಗ) ಕಟ್ಟುವ ಜಾಗದಲ್ಲಿಯೇ ಮುರಿಯಿತು. ಮನೆಗೆ ತಂದು ಕೈಹಿಡಿತದ ಹೊದಿಕೆಯನ್ನು ಸುಲಿದು ನೋಡಿದರೆ, ಕೆಳಗೆ ಬಿಳಿ ಪುಡಿ ಕಟ್ಟಿಕೊಂಡು ಕೊಳವೆ ಗುಳಿಗುಳಿಯಾಗಿ ಸವೆದುಹೋಗಿತ್ತು. ಪ್ರತಿ ಸಲ ಹೊರಗಿನಿಂದ ಸಿಹಿನೀರು ಹಾಯಿಸುತ್ತಿದ್ದೆನೇ ಹೊರತು, ಉದ್ದ ಹೊಂದಿಸುವ ಹಿಂಬದಿಯ ತುಂಡನ್ನು ಕಳಚಿ ಒಳಗಿನ ಉಪ್ಪನ್ನೂ ಮರಳನ್ನೂ ನಾನು ತೊಳೆದಿರಲಿಲ್ಲ. ಅದು ನನ್ನದೇ ತಪ್ಪು.

ನನ್ನ ತೂಕ 82 ಕಿಲೋ, ಹಾಯಿಗಳು 5.0 ಮತ್ತು 6.2 ಚದರ ಮೀಟರಿನವು. ಕಾರ್ಬನ್ ನಾರಿನ ಬೂಮ್ ಅಷ್ಟಾಗಿ ಬಾಗುವುದಿಲ್ಲ, ತುಕ್ಕು ಹಿಡಿಯುವುದಿಲ್ಲ ಎಂಬುದು ನಿಜವಾದರೂ, ಕಲ್ಲಿಗೆ ಬಡಿದು ಬಿರುಕು ಬಿಟ್ಟರೆ ಅದು ಮುನ್ಸೂಚನೆಯಿಲ್ಲದೆ ಮುರಿಯಬಹುದೆಂಬ ಆತಂಕ ನನಗಿದೆ. ದುಪ್ಪಟ್ಟಿಗೂ ಹೆಚ್ಚು ಬೆಲೆ ಕೊಡುವುದು ಸಾರ್ಥಕವೇ, ಅಥವಾ ದಪ್ಪ ಗೋಡೆಯ ಅಲ್ಯೂಮಿನಿಯಂ ಬೂಮನ್ನೇ ಕೊಂಡು ಕೆಲವು ವರ್ಷಗಳಿಗೊಮ್ಮೆ ಬದಲಿಸುವುದು ಮೇಲೇ?

ಇನ್ನೊಂದು ವಿಷಯ. ಕಾರ್ಬನ್ ಕೊಳವೆಯೊಳಗೆ ಅಲ್ಯೂಮಿನಿಯಂ ತುಂಡು ಇದ್ದರೆ ಉಪ್ಪುನೀರಿನಲ್ಲಿ ಅಲ್ಯೂಮಿನಿಯಂ ಬೇಗ ಸವೆದು ಕಚ್ಚಿಕೊಳ್ಳುತ್ತದೆ. ಇದನ್ನು ತಡೆಯಲು ನೀವು ಏನು ಮಾಡುತ್ತೀರಿ? ಬಳಸಿದ ಕಾರ್ಬನ್ ಬೂಮ್ ಕೊಳ್ಳುವಾಗ ಹೊದಿಕೆಯಡಿಯ ಬಿರುಕನ್ನು ಪತ್ತೆಹಚ್ಚುವ ಬಗೆಯನ್ನೂ ಬಲ್ಲವರು ದಯವಿಟ್ಟು ವಿವರವಾಗಿ ತಿಳಿಸಬೇಕೆಂದು ಕೋರುತ್ತೇನೆ.