ಆಫೀಸ್ ಸರ್ವರ್‌ನ ಬ್ಯಾಕಪ್ ಯಾವುದರಲ್ಲಿ: ಟೇಪಾ, ಎಸ್‌ಎಸ್‌ಡಿಯಾ, ಹಾರ್ಡ್ ಡಿಸ್ಕಾ?

ಪ್ರಶ್ನೆ (ಉಡುಪಿಯಿಂದ, ಲೆಕ್ಕಪರಿಶೋಧಕರ ಕಚೇರಿ):
ನಾವು ಒಂಬತ್ತು ಜನ. ಆಫೀಸು ಕಲ್ಸಂಕದ ಹತ್ತಿರ, ನೆಲಮಹಡಿ. ಒಂದು ಫೈಲ್ ಸರ್ವರ್ ಉಂಟು, ಅದರಲ್ಲಿ 4 ಟಿಬಿಯ ಎರಡು ಡಿಸ್ಕ್ ರೇಡ್ 1ರಲ್ಲಿವೆ (ಎರಡರಲ್ಲೂ ಅದೇ ಡೇಟಾ). ಟ್ಯಾಲಿ, ಪಿಡಿಎಫ್, ಎಕ್ಸೆಲ್ ಎಲ್ಲ ಸೇರಿ ಸುಮಾರು 1.3 ಟಿಬಿ ಆಗಿದೆ. ಬ್ಯಾಕಪ್ ಅಂತ ಒಂದು ಯುಎಸ್‌ಬಿ ಡಿಸ್ಕ್ ಸರ್ವರ್ ಮೇಲೆಯೇ ಸದಾ ಚುಚ್ಚಿಕೊಂಡು ಕೂತಿದೆ. ಒಬ್ಬರು ಟೇಪ್ ತೆಗೊಳ್ಳಿ ಅಂದರು, ಇನ್ನೊಬ್ಬರು ಎಸ್‌ಎಸ್‌ಡಿ ಅಂದರು. 40 ಸಾವಿರದೊಳಗೆ ಆಗಬೇಕು. ಏನು ಮಾಡುವುದು?

ಉತ್ತರ (ಮಂಗಳೂರಿನಲ್ಲಿ ಸಣ್ಣ ಆಫೀಸುಗಳ ಸಿಸ್ಟಂ ನೋಡಿಕೊಳ್ಳುವವನು):
ಮೊದಲು ಆ ಯುಎಸ್‌ಬಿ ಡಿಸ್ಕನ್ನು ಇವತ್ತು ಸಂಜೆಯೇ ಕಳಚಿ ಬೀರುವಿನಲ್ಲಿಡಿ. ಉಳಿದದ್ದು ಆಮೇಲೆ. ಸರ್ವರ್‌ಗೆ ಕಾಣುವ ಡಿಸ್ಕ್, ಫೈಲುಗಳಿಗೆ ಬೀಗ ಜಡಿದು ಹಣ ಕೇಳುವ ರ‍್ಯಾನ್ಸಮ್‌ವೇರ್‌ಗೂ ಕಾಣುತ್ತದೆ, ಅದು ಅಸಲು ಯಾವುದು ಪ್ರತಿ ಯಾವುದು ಅಂತ ಕೇಳುವುದಿಲ್ಲ. ಇನ್ನು ನಮ್ಮ ಏಪ್ರಿಲ್-ಮೇ ತಿಂಗಳ ಸಿಡಿಲು ಒಂದು ಸಲ ಲೈನಿನಲ್ಲಿ ನುಗ್ಗಿದರೆ ಸರ್ವರ್ ಮತ್ತು ಬ್ಯಾಕಪ್ ಎರಡೂ ಒಟ್ಟಿಗೆ ಹೋಗುತ್ತವೆ. ರೇಡ್ 1 ಇದೆಯಲ್ಲ ಅನ್ನಬೇಡಿ. ಒಂದು ಡಿಸ್ಕ್ ಸತ್ತರೆ ಕೆಲಸ ನಿಲ್ಲಬಾರದು ಅಂತ ಇರುವುದು ರೇಡ್. ನಿಮ್ಮ ಹುಡುಗ ತಪ್ಪಿ ಒಂದು ಫೋಲ್ಡರ್ ಅಳಿಸಿದರೆ ಅದು ಆ ಕ್ಷಣದಲ್ಲೇ ಎರಡೂ ಡಿಸ್ಕಿನಿಂದ ನಿಷ್ಠೆಯಿಂದ ಅಳಿಸುತ್ತದೆ.

ಟೇಪ್ ಕೆಟ್ಟದ್ದಲ್ಲ. ಎಲ್‌ಟಿಒ-9 ಎಂಬ 9ನೇ ತಲೆಮಾರಿನ ಟೇಪ್ ಕ್ಯಾಸೆಟ್ ಒಂದರಲ್ಲೇ 18 ಟಿಬಿ ಹಿಡಿಯುತ್ತದೆ. ಆದರೆ ಡ್ರೈವ್‌ನ ಬೆಲೆ ಲಕ್ಷಗಳಲ್ಲಿ, ಮೇಲೆ ಅದನ್ನು ಸರ್ವರ್‌ಗೆ ಜೋಡಿಸಲು ಒಂದು ಎಸ್‌ಎಎಸ್ ಕಾರ್ಡ್ ಬೇರೆ. 1.3 ಟಿಬಿಗೆ ಅದು, ಒಂದು ಕಿಲೋ ಬಂಗುಡೆ ಬೇಕು ಅಂತ ಮಲ್ಪೆಯಲ್ಲಿ ಪರ್ಸೀನ್ ಬೋಟ್ ಕೊಂಡ ಲೆಕ್ಕ. ಇನ್ನೊಂದು ಕಷ್ಟ, ಎಲ್‌ಟಿಒ-9 ಡ್ರೈವ್ ಓದುವುದು 8 ಮತ್ತು 9ನೇ ತಲೆಮಾರಿನ ಟೇಪನ್ನು ಮಾತ್ರ. ಹತ್ತು ವರ್ಷ ಬಿಟ್ಟು ಡ್ರೈವ್ ಕೆಟ್ಟರೆ ಕ್ಯಾಸೆಟ್ ಕೈಯಲ್ಲಿ ಹಿಡಿದು ಡ್ರೈವ್ ಹುಡುಕಿಕೊಂಡು ಊರೂರು ತಿರುಗಬೇಕು.

ಎಸ್‌ಎಸ್‌ಡಿ ಸರ್ವರ್ ಒಳಗೆ ಇರಲಿ, ಬೀರುವಿನೊಳಗೆ ಬೇಡ. ಅದು ಡೇಟಾ ಹಿಡಿದಿಡುವುದು ಚಾರ್ಜ್ ರೂಪದಲ್ಲಿ, ಕರೆಂಟ್ ಇಲ್ಲದೆ ಬಿಟ್ಟರೆ ಅದು ನಿಧಾನ ಸೋರುತ್ತದೆ. ಜೆಡೆಕ್ ಎಂಬ ಚಿಪ್ ಉದ್ಯಮ ಸಂಸ್ಥೆಯ ಮಾನದಂಡದ ಪ್ರಕಾರ, ಬರೆದು ಬರೆದು ಆಯಸ್ಸು ತೀರಿದ ಸಾಮಾನ್ಯ ಎಸ್‌ಎಸ್‌ಡಿ 30 ಡಿಗ್ರಿ ಸೆಲ್ಸಿಯಸ್‌ನಲ್ಲಿ 1 ವರ್ಷ ಡೇಟಾ ಉಳಿಸಿಕೊಂಡರೆ ಸಾಕು. ಹೊಸದು ಇದಕ್ಕಿಂತ ಎಷ್ಟೋ ಹೆಚ್ಚು ತಾಳುತ್ತದೆ, ಆದರೂ ಸೆಕೆ ಹೆಚ್ಚಿದಷ್ಟೂ ಸೋರಿಕೆ ಹೆಚ್ಚು. ನಮ್ಮೂರ ಮೇ ತಿಂಗಳು ನಿಮಗೆ ಗೊತ್ತೇ ಉಂಟು.

ಡಿವಿಡಿಗೆ ಬರೆದರೆ 277 ಡಿಸ್ಕ್ ಬೇಕು. ಮುಂದೆ ಹೋಗೋಣ.

ನಿಮಗೆ ಬೇಕಾದ್ದು ಮೂರು ಸಾದಾ ಹಾರ್ಡ್ ಡಿಸ್ಕ್, ತಲಾ 4 ಟಿಬಿ. ಮೂರನ್ನೂ ಒಂದೇ ಅಂಗಡಿಯಿಂದ ಒಂದೇ ದಿನ ತರಬೇಡಿ, ಒಂದೇ ಬ್ಯಾಚಿನವು ಸಾಯುವಾಗಲೂ ಜೊತೆಯಾಗಿ ಸಾಯುವ ಸಾಧ್ಯತೆ ಉಂಟು. ಕಿಸೆಗೆ ಹಿಡಿಯುವ ಎರಡೂವರೆ ಇಂಚಿನವು ಹೆಚ್ಚಾಗಿ ಎಸ್‌ಎಂಆರ್ ತಂತ್ರದವು, ಹೆಂಚು ಹೊದಿಸಿದ ಹಾಗೆ ಒಂದರ ಮೇಲೊಂದು ಒರಗಿಸಿ ಬರೆಯುತ್ತವೆ. ಮೊದಲ ಸಲ ಚುರುಕು. ಹಳೆಯದರ ಮೇಲೆ ಮತ್ತೆ ಬರೆಯುವಾಗ ಒಂದು ಹೆಂಚು ತೆಗೆಯಲು ಸಾಲಿಡೀ ಬಿಚ್ಚಬೇಕು, ಆಗ ಆಮೆ. ಆದಷ್ಟು ಸಿಎಂಆರ್ (ಹೀಗೆ ಒರಗಿಸದೆ ಬರೆಯುವುದು) ಅಂತ ಕೇಳಿ ಮೂರೂವರೆ ಇಂಚಿನದ್ದು ತೆಗೊಳ್ಳಿ, ಜೊತೆಗೆ ಡಿಸ್ಕ್ ಕೂರಿಸಿ ಯುಎಸ್‌ಬಿಗೆ ಜೋಡಿಸುವ ಒಂದು ಡಾಕ್. ಸೆಕೆಂಡಿಗೆ 100 ಎಂಬಿ ಸಿಕ್ಕರೂ ಮೊದಲ ಪೂರ್ತಿ ನಕಲಿಗೆ ಮೂರೂವರೆ ಗಂಟೆ ಹಿಡಿಯುತ್ತದೆ. ಆಮೇಲೆ ಬದಲಾದದ್ದು ಮಾತ್ರ ಹೋಗುತ್ತದೆ.

ಒಂದು ಡಿಸ್ಕ್ ರಾತ್ರಿಯ ಕೆಲಸಕ್ಕೆ ಡಾಕ್‌ನಲ್ಲಿ, ಒಂದು ಆಫೀಸ್ ಬೀರುವಿನಲ್ಲಿ, ಒಂದು ನಿಮ್ಮ ಮನೆಯಲ್ಲಿ. ಪ್ರತಿ ಶುಕ್ರವಾರ ಮೂರೂ ಒಂದೊಂದು ಜಾಗ ಮುಂದೆ ಸರಿಯಲಿ. ಮನೆ ಎಲ್ಲಿ? 2020ರ ಸೆಪ್ಟೆಂಬರ್ ನೆರೆಯಲ್ಲಿ ಕಲ್ಸಂಕ, ಬಡಗುಪೇಟೆಗೆ ನೀರು ನುಗ್ಗಿದ್ದು ನೆನಪಿರಬೇಕು. ಮನೆಯೂ ಅದೇ ತಗ್ಗಿನಲ್ಲಿದ್ದರೆ ಮಣಿಪಾಲದ ಗುಡ್ಡದಲ್ಲಿ ಯಾರಾದರೂ ನೆಂಟರನ್ನು ಹುಡುಕಿ.

ಪ್ರಶ್ನೆ (ಅದೇ ಕಚೇರಿ):
ಕ್ಲೌಡ್ ಹಾಕಿದರೆ ಈ ಡಿಸ್ಕ್ ಹೊರುವ ಕೆಲಸವೇ ಇಲ್ಲವಲ್ಲ?

ಉತ್ತರ:
ನಿಮ್ಮ ಲೈನಿನ ಅಪ್‌ಲೋಡ್ 40 ಎಂಬಿಪಿಎಸ್ ಅಂತ ಇಟ್ಟುಕೊಳ್ಳಿ. 1.3 ಟಿಬಿ ಏರಲು ಎಡೆಬಿಡದೆ ಮೂರು ದಿನ ಬೇಕು. ಏರುವಾಗ ಕಾಯಬಹುದು. ರಿಟರ್ನ್ ಕಡೇ ದಿನಕ್ಕೆ ಎರಡು ದಿನ ಇರುವಾಗ ಸರ್ವರ್ ಮಲಗಿದರೆ ಇಳಿಸಿಕೊಳ್ಳಲು ಕಾಯುತ್ತೀರಾ? ಟ್ಯಾಲಿ ಡೇಟಾ ಮತ್ತು ಈ ವರ್ಷದ ಫೈಲುಗಳು ಮಾತ್ರ ಕ್ಲೌಡಿಗೆ ಹೋಗಲಿ. 60 ಜಿಬಿ ಆದರೆ ಮೂರೂಕಾಲು ಗಂಟೆಯ ಮಾತು. ಕಂಪನಿಗಳ ಲೆಕ್ಕ ನಿಮ್ಮಲ್ಲೇ ಇದ್ದರೆ ಕಂಪನಿ ಲೆಕ್ಕಪತ್ರ ನಿಯಮಗಳ 2022ರ ಆಗಸ್ಟ್ ತಿದ್ದುಪಡಿಯಂತೆ ಬ್ಯಾಕಪ್ ದಿನವೂ ಆಗಬೇಕು, ಸರ್ವರ್ ಭಾರತದಲ್ಲೇ ಇರಬೇಕು. ಇದನ್ನು ನಿಮಗೆ ನಾನು ಹೇಳಬೇಕಾಗಿಲ್ಲ. ಲೆಕ್ಕಪತ್ರ ಉಳಿಸಿಡಬೇಕಾದ ಅವಧಿ, ಜಿಎಸ್‌ಟಿಯ 72 ತಿಂಗಳು, ಕಂಪನಿ ಕಾಯ್ದೆಯ 8 ವರ್ಷವೂ ನಿಮಗೆ ಬಾಯಿಪಾಠ. ನಾನು ಹೇಳುವುದು ಇಷ್ಟೇ, ಅಷ್ಟು ವರ್ಷ ಒಂದೇ ಡಿಸ್ಕನ್ನು ನಂಬಬೇಡಿ. ನಾಲ್ಕೈದು ವರ್ಷಕ್ಕೆ ಹೊಸದಕ್ಕೆ ದಾಟಿಸಿ.

ಮಧ್ಯೆ ಇನ್ನೊಬ್ಬರು (ಸುರತ್ಕಲ್):
ಬೀರುವಿನ ಬೂಷ್ಟಿಗೆ ಏನು ಮಾಡ್ತೀರಿ? ನಮ್ಮ ಅಪ್ಪ ಕ್ಯಾಮೆರಾ ಬೀರುವಿನಲ್ಲಿ ಜೀರೋ ಬಲ್ಬ್ ಉರಿಸಿಡುತ್ತಿದ್ದರು.

ಉತ್ತರ:
ಒಳ್ಳೇ ನೆನಪು! ಆ ಹಳೇ ಜೀರೋ ಬಲ್ಬಿನ ಬಿಸಿಯೇ ಬೀರುವನ್ನು ಒಣಗಿಸುತ್ತಿತ್ತು. ಈಗ ಸಿಗುವುದು ಎಲ್‌ಇಡಿ, ಅರ್ಧ ವ್ಯಾಟಿನದ್ದು. ಬೆಳಕು ಬರುತ್ತದೆ, ಬಿಸಿ ಇಲ್ಲ, ಬೂಷ್ಟಿಗೆ ರಾತ್ರಿ ದೀಪ ಹಚ್ಚಿಟ್ಟ ಹಾಗೆ. ಹಲಸಿನ ಹಪ್ಪಳ ಇಡುತ್ತೇವಲ್ಲ, ಅಂಥ ಬಿಗಿ ಮುಚ್ಚಳದ ಡಬ್ಬಿ ತೆಗೊಳ್ಳಿ. ಅದರೊಳಗೆ ಸಿಲಿಕಾ ಜೆಲ್ ಹಾಕಿ, ನೀಲಿ ಹರಳು ಗುಲಾಬಿ ಆದರೆ ಬಿಸಿ ಮಾಡಿ ಒಣಗಿಸಿ, ಮತ್ತೆ ನೀಲಿಯಾಗುತ್ತದೆ. ಅಡುಗೆ ಪಾತ್ರೆಯಲ್ಲಿ ಮಾತ್ರ ಬೇಡ.

ಮತ್ತೊಂದು. ಎಸಿ ರೂಮಿನಿಂದ ಜುಲೈ ಮಳೆಗೆ ಬಂದ ಕೂಡಲೇ ಕನ್ನಡಕ ಮಂಜಾಗುತ್ತದಲ್ಲ, ತಣ್ಣಗಿನ ಡಿಸ್ಕಿಗೂ ಅದೇ ಗತಿ. ಸಾಮಾನ್ಯ ಡಿಸ್ಕಿಗೆ ಉಸಿರಾಡಲು ಒಂದು ಸಣ್ಣ ತೂತು ಉಂಟು. ಎಸಿಯಿಂದ ತೆಗೆಯುವ ಮೊದಲೇ ಡಬ್ಬಿಗೆ ಹಾಕಿ ಮುಚ್ಚಿ. ಮನೆಯಲ್ಲಿ ಚುಚ್ಚಬೇಕಾಗಿ ಬಂದರೆ ಮುಚ್ಚಿದ ಡಬ್ಬಿಯಲ್ಲೇ ಎರಡು ಗಂಟೆ ಬಿಟ್ಟು ಆಮೇಲೆ ತೆರೆಯಿರಿ.

ಪ್ರಶ್ನೆ (ಅದೇ ಕಚೇರಿ):
ಇಷ್ಟೆಲ್ಲ ಮಾಡಿದ ಮೇಲೆ ನಿಶ್ಚಿಂತೆ ತಾನೆ?

ಉತ್ತರ:
ನಾನೂ ಹಾಗೇ ಅಂದುಕೊಂಡಿದ್ದೆ ಮಾರಾಯ್ರೆ. ಹಂಪನಕಟ್ಟೆಯ ಒಂದು ಆಫೀಸಿಗೆ ಇದೇ ಪದ್ಧತಿ ನಾನೇ ಹಾಕಿಕೊಟ್ಟದ್ದು. ಅಲ್ಲಿನ ಅಕ್ಕ ಒಂದು ಶುಕ್ರವಾರವೂ ತಪ್ಪದೆ ಡಿಸ್ಕ್ ಬದಲಿಸಿದರು. ಸರ್ವರ್ ಹೋದ ದಿನ ನೋಡಿದರೆ ಮೂರೂ ಡಿಸ್ಕಿನಲ್ಲಿ ಹದಿನಾಲ್ಕು ತಿಂಗಳ ಹಿಂದಿನ ಡೇಟಾ. ಯಾರೋ ಒಂದು ಪೆನ್‌ಡ್ರೈವ್ ಚುಚ್ಚಿಯೇ ಬಿಟ್ಟಿದ್ದರು, ಇ ಅಕ್ಷರ ಅದಕ್ಕೆ ಹೋಗಿ ಬ್ಯಾಕಪ್ ಡಿಸ್ಕ್ ಎಫ್ ಡ್ರೈವ್ ಆಗಿತ್ತು. ಪ್ರೋಗ್ರಾಂ ಪ್ರತಿ ರಾತ್ರಿ ಇ ಹುಡುಕಿ, ಪೆನ್‌ಡ್ರೈವಿನಲ್ಲಿ ಜಾಗವಿಲ್ಲದೆ ಸುಮ್ಮನೆ ಮಲಗುತ್ತಿತ್ತು. ದೋಷ ಬಂದರೆ ಮೇಲ್ ಹೋಗುವಂತೆ ನಾನು ಮಾಡಿರಲಿಲ್ಲ. ಅಕ್ಕ ನನಗೆ ಬೈಯಲಿಲ್ಲ, ಅದೇ ಹೆಚ್ಚು ಚುಚ್ಚಿತು.

ಈಗ ಪ್ರತಿ ಆಫೀಸಿಗೂ ಹೇಳುತ್ತೇನೆ, ತಿಂಗಳ ಮೊದಲ ಶನಿವಾರ ಬ್ಯಾಕಪ್ ಡಿಸ್ಕಿನಿಂದ ಯಾವುದೋ ಎರಡು ಫೈಲ್ ಬೇರೊಂದು ಕಂಪ್ಯೂಟರಿಗೆ ತೆಗೆದು ತೆರೆದು ನೋಡಿ. ಟ್ಯಾಲಿ ಆದರೆ ಕಂಪನಿ ತೆರೆದು ಕೊನೇ ವೋಚರ್ ತಾರೀಕು ನೋಡಿ. ಬ್ಯಾಕಪ್ ಓಡುವ ಹೊತ್ತಿಗೆ ಎಲ್ಲರೂ ಟ್ಯಾಲಿ ಮುಚ್ಚಿರಬೇಕು. ಡಿಸ್ಕ್ ಹೊರಗೆ ಹೋಗುವುದರಿಂದ ಬಿಟ್‌ಲಾಕರ್ (ವಿಂಡೋಸ್‌ನಲ್ಲಿರುವ ಡಿಸ್ಕ್ ಬೀಗ) ಕಡ್ಡಾಯ, ಎಷ್ಟು ಜನರ ಪ್ಯಾನ್, ಬ್ಯಾಂಕ್ ವಿವರ ಅದರಲ್ಲಿ! ಅದರ ಕೀಲಿ ಕಾಗದದಲ್ಲಿ ಮುದ್ರಿಸಿ, ಡಿಸ್ಕ್ ಇಲ್ಲದ ಜಾಗದಲ್ಲಿಡಿ.

ಅದೇ ಕಚೇರಿ (ಮೂರು ವಾರದ ನಂತರ):
ಮೂರು ಡಿಸ್ಕ್, ಡಾಕ್, ಹಪ್ಪಳದ ಡಬ್ಬಿ ಎಲ್ಲ ಆಯಿತು. ಮೊದಲ ಶನಿವಾರ ಎರಡು ಫೈಲ್ ತೆಗೆದೆವು. ಪಿಡಿಎಫ್ ತೆರೆಯಿತು. ಇನ್ನೊಂದು 2019ರ ಟ್ಯಾಲಿ ಕಂಪನಿ, ಪಾಸ್‌ವರ್ಡ್ ಕೇಳಿತು. ಅದನ್ನು ಹಾಕಿದ ಹುಡುಗ ಕೆಲಸ ಬಿಟ್ಟು ಮಸ್ಕತ್‌ಗೆ ಹೋಗಿ ಎರಡು ವರ್ಷ ಆಯಿತು.

ಉತ್ತರ:
ಅವನಿಗೆ ಈಗಲೇ ವಾಟ್ಸ್ಯಾಪ್ ಮಾಡಿ. ಇವತ್ತು ಶುಕ್ರವಾರ, ಅಲ್ಲಿ ರಜೆ.