ಹೊಸ ಸಂಗೀತ ನಾಟಕಕ್ಕೆ ಟಿಕೆಟ್: ಕಲಾಕ್ಷೇತ್ರವೋ ರಂಗಶಂಕರವೋ, ಕೂರುವುದು ಯಾವ ಸಾಲಿನಲ್ಲಿ?

ಪ್ರಶ್ನೆ | ಬಸವನಗುಡಿಯ ಪ್ರೇಕ್ಷಕಿ

ಎಲ್ಲರಿಗೂ ನಮಸ್ಕಾರ. ಮುಂದಿನ ತಿಂಗಳು ರಂಗಕ್ಕೇರಲಿರುವ ಹೊಸ ಕನ್ನಡ ಸಂಗೀತ ನಾಟಕವೊಂದಕ್ಕೆ ಮನೆಮಂದಿಯೆಲ್ಲ ಹೋಗಬೇಕೆಂದಿದ್ದೇವೆ. ಮೊದಲ ಪ್ರದರ್ಶನ ಜೆ.ಸಿ. ರಸ್ತೆಯ ರವೀಂದ್ರ ಕಲಾಕ್ಷೇತ್ರದಲ್ಲಿ, ಅದರ ಮುಂದಿನ ವಾರದ್ದು ಜೆ.ಪಿ. ನಗರದ ರಂಗಶಂಕರದಲ್ಲಿ. ಕಲಾಕ್ಷೇತ್ರದಲ್ಲಿ ಮುಂಭಾಗಕ್ಕೆ 750, ಹಿಂಭಾಗಕ್ಕೆ 500, ಬಾಲ್ಕನಿಗೆ 300 ರೂಪಾಯಿ ಎಂದಿದೆ. ರಂಗಶಂಕರದಲ್ಲಿ ಎಲ್ಲರಿಗೂ ಒಂದೇ ದರ, 400 ರೂಪಾಯಿ. ಆಸನ ಸಂಖ್ಯೆ ಇಲ್ಲ. ನಮ್ಮ ಅತ್ತೆಯವರಿಗೆ ಮಂಡಿ ನೋವಿದೆ, ಕಿವಿಯೂ ಸ್ವಲ್ಪ ಮಂದವಾಗಿ ಶ್ರವಣ ಸಾಧನ ಹಾಕಿಕೊಳ್ಳುತ್ತಾರೆ. ಮಗಳು ಮೂರನೆಯ ತರಗತಿಯವಳು. ಮುಂದೆ ಎತ್ತರದವರು ಕುಳಿತರೆ ಅವಳಿಗೆ ಏನೂ ಕಾಣುವುದಿಲ್ಲ. ಹಾಡಿನ ಒಂದೊಂದು ಮಾತೂ ಅತ್ತೆಯವರಿಗೆ ತಿಳಿಯಬೇಕೆಂಬುದೇ ನನ್ನ ಮುಖ್ಯ ಆಸೆ. ಹೆಚ್ಚು ಹಣ ಕೊಟ್ಟು ಮುಂದೆ ಕೂರುವುದರಿಂದ ನಿಜವಾಗಿ ಪ್ರಯೋಜನವಿದೆಯೇ?

ಉತ್ತರ 1 | ಹನುಮಂತನಗರದಿಂದ

ಮೇಡಂ, ಈ ಎರಡು ರಂಗಮಂದಿರಗಳ ಸ್ವಭಾವವೇ ಬೇರೆಯಾದ್ದರಿಂದ ದರಗಳನ್ನಷ್ಟೇ ಪಕ್ಕಪಕ್ಕದಲ್ಲಿಟ್ಟು ತೀರ್ಮಾನಿಸಬೇಡಿ. 1963ರಲ್ಲಿ ಆರಂಭವಾದ ಕಲಾಕ್ಷೇತ್ರ ಸುಮಾರು ಸಾವಿರ ಜನ ಕೂರಬಹುದಾದ ದೊಡ್ಡ ಸಭಾಂಗಣ. ಅಲ್ಲಿ ವೇದಿಕೆ ಚೌಕಟ್ಟಿನೊಳಗಿರುತ್ತದೆ, ಪ್ರೇಕ್ಷಕರೆಲ್ಲ ಅದರ ಎದುರಿಗೇ ಕೂರುತ್ತಾರೆ. 2004ರಲ್ಲಿ ಬಾಗಿಲು ತೆರೆದ ರಂಗಶಂಕರದಲ್ಲಿ ಆಸನಗಳು ಮುನ್ನೂರಕ್ಕಿಂತ ತುಸು ಹೆಚ್ಚು. ವೇದಿಕೆ ಪ್ರೇಕ್ಷಕರ ನಡುವಿಗೆ ಚಾಚಿಕೊಂಡಿದ್ದು, ಮೂರು ಕಡೆಯೂ ಜನ ಕುಳಿತಿರುತ್ತಾರೆ. ಸಾಲುಗಳು ಮೆಟ್ಟಿಲಿನಂತೆ ಏರುತ್ತ ಹೋಗುವುದರಿಂದ ನಿಮ್ಮ ಮಗಳಿಗೆ ಮುಂದಿನವರ ತಲೆಯ ಕಾಟ ಕಡಿಮೆ.

ಆಸನ ಸಂಖ್ಯೆ ಇಲ್ಲವೆಂದರೆ ನೀವು ಕೊಳ್ಳುವುದು ಪ್ರವೇಶವನ್ನೇ ಹೊರತು ಜಾಗವನ್ನಲ್ಲ. ಒಳ್ಳೆಯ ಜಾಗ ಸಿಗಬೇಕಾದರೆ ಬಾಗಿಲು ತೆರೆಯುವ ಹೊತ್ತಿಗೆ ಸರದಿಯ ಮುಂದಿರಬೇಕು. ರಂಗಶಂಕರದಲ್ಲಿ ಸಮಯದ ವಿಷಯದಲ್ಲಿ ರಿಯಾಯಿತಿಯೇ ಇಲ್ಲ. ನಾಟಕ ಶುರುವಾದ ಮೇಲೆ ಬಂದವರು ಎಂಥ ದೊಡ್ಡವರಾದರೂ ಹೊರಗೇ ಉಳಿಯುತ್ತಾರೆ. ಬೆಂಗಳೂರಿನ ಸಂಜೆಯ ವಾಹನ ದಟ್ಟಣೆಯನ್ನು ನಂಬಿ ಹೊರಡುವ ಬದಲು ಒಂದು ಗಂಟೆ ಮೊದಲೇ ತಲುಪಿ, ಕೆಳಗಿನ ಕೆಫೆಯಲ್ಲಿ ಅಕ್ಕಿ ರೊಟ್ಟಿ ತಿಂದು ಸರದಿಗೆ ನಿಲ್ಲುವುದು ಜಾಣತನ. ಸಭಾಂಗಣ ಮೇಲಿನ ಮಹಡಿಯಲ್ಲಿರುವುದರಿಂದ, ಮಂಡಿ ನೋವಿನ ಹಿರಿಯರು ಬರುತ್ತಿದ್ದಾರೆಂದು ಮೊದಲೇ ಫೋನ್ ಮಾಡಿ ತಿಳಿಸಿ, ಮಕ್ಕಳ ವಯಸ್ಸಿನ ನಿಬಂಧನೆಯನ್ನೂ ಆಗಲೇ ಕೇಳಿಬಿಡಿ.

ಉತ್ತರ 2 | ಧ್ವನಿ ವಿಭಾಗದಲ್ಲಿ ಕೆಲಸ ಮಾಡುವವನು

ಮಾತಿನ ನಾಟಕಕ್ಕೆ ಒಪ್ಪುವ ಆಸನವೆಲ್ಲ ಸಂಗೀತ ನಾಟಕಕ್ಕೂ ಒಪ್ಪುತ್ತದೆಂದು ಹೇಳಲಾಗದು. ದೊಡ್ಡ ಸಭಾಂಗಣದಲ್ಲಿ ಗಾಯಕರ ದನಿ ನಿಮಗೆ ತಲುಪುವುದು ಅವರ ಬಾಯಿಂದಲ್ಲ, ಸ್ಪೀಕರ್‌ಗಳಿಂದ. ಆದರೆ ತೀರ ಮುಂದೆ ಕುಳಿತವರಿಗೆ ಡೋಲು, ತಾಳ, ಡ್ರಮ್ಸ್‌ಗಳ ಸದ್ದು ವೇದಿಕೆಯಿಂದ ನೇರವಾಗಿಯೇ ಬಂದು ಬಡಿಯುತ್ತದೆ, ಸ್ಪೀಕರ್‌ಗಳಿಂದ ಬರುವ ಹಾಡಿನ ದನಿ ಅವರ ತಲೆಯ ಮೇಲೆ ಹಾದು ಹಿಂದಕ್ಕೆ ಹೋಗುತ್ತದೆ. ಮೊದಲ ಸಾಲಿನ ಅಂಚಿನಲ್ಲಿ ಕುಳಿತವರಿಗೆ ತಾಳವೆಲ್ಲ ಕೇಳಿ ಸಾಹಿತ್ಯ ಮಾತ್ರ ಕೇಳದಿರುವುದು ಇದರಿಂದಲೇ. ಧ್ವನಿ ನಿಯಂತ್ರಿಸುವ ಮಿಕ್ಸರ್ ಸಾಮಾನ್ಯವಾಗಿ ಕೆಳಗಿನ ಸಭಾಂಗಣದ ಹಿಂಭಾಗದ ಮಧ್ಯದಲ್ಲಿರುತ್ತದೆ. ಅಲ್ಲಿ ಕುಳಿತವನು ತನ್ನ ಕಿವಿಗೆ ಸರಿಯೆನಿಸುವಂತೆ ಹದ ಮಾಡುವುದರಿಂದ, ಅವನಿಗಿಂತ ಕೆಲವು ಸಾಲು ಮುಂದಿನ ಮಧ್ಯದ ಆಸನಗಳೇ ನನ್ನ ಆಯ್ಕೆ.

ಹಿರಿಯರ ಕಿವಿಗೆ ಮೊದಲು ಕ್ಷೀಣಿಸುವುದು ಎತ್ತರದ ಆವರ್ತನಗಳ, ಅಂದರೆ ತೀಕ್ಷ್ಣ ದನಿಗಳ, ಗ್ರಹಿಕೆ. ಸ, ಶ, ತ, ಕ ಮುಂತಾದ ವ್ಯಂಜನಗಳ ಮೊನಚು ಇರುವುದು ಅಲ್ಲಿಯೇ. ಅದು ಹೋದರೆ ರಾಗ ಕೇಳುತ್ತದೆ, ಮಾತು ತಿಳಿಯುವುದಿಲ್ಲ. ಈ ಆವರ್ತನಗಳು ಅಡ್ಡ ಬಂದದ್ದನ್ನು ಬಳಸಿಕೊಂಡು ಹೋಗುವುದರಲ್ಲಿ ದುರ್ಬಲ. ಆದ್ದರಿಂದ ಕುಳಿತಲ್ಲಿಂದ ಒಂದಾದರೂ ಸ್ಪೀಕರ್ ಕಣ್ಣಿಗೆ ಕಾಣುತ್ತಿದೆಯೇ ಎಂದು ನೋಡಿ; ಕಂಡರೆ ಹಾಡಿನ ಮಾತೂ ತಲುಪುತ್ತದೆ. ಬಾಲ್ಕನಿಯ ಅಡಿಯಲ್ಲಿ ತೀರ ಹಿಂದಿರುವ ಸಾಲುಗಳಿಂದ ಮೇಲೆ ತೂಗುಹಾಕಿದ ಸ್ಪೀಕರ್‌ಗಳು ಹಲವೊಮ್ಮೆ ಕಾಣುವುದಿಲ್ಲ. 500 ರೂಪಾಯಿಯ ಟಿಕೆಟ್‌ನಲ್ಲಿ ಅಂಥ ಸಾಲು ಸಿಗುವುದಾದರೆ ಅದಕ್ಕಿಂತ ಬಾಲ್ಕನಿಯ ಮೊದಲ ಸಾಲೇ ಮೇಲು; ಆದರೆ ನಿಮ್ಮ ಅತ್ತೆಯವರು ಮೆಟ್ಟಿಲು ಹತ್ತಬೇಕಾಗುವುದರಿಂದ ಆ ಸಲಹೆಯನ್ನು ನಾನು ಒತ್ತಿ ಹೇಳುವುದಿಲ್ಲ.

ಉತ್ತರ 3 | ಹಳೆಯ ನಾಟಕಪ್ರಿಯ

ಮೇಲಿನ ಗೆಳೆಯರ ಧ್ವನಿಶಾಸ್ತ್ರವನ್ನು ಒಪ್ಪುತ್ತೇನೆ, ಆದರೆ ನಾಟಕಕ್ಕೆ ಹೋಗುವುದು ಕೇವಲ ಕೇಳುವುದಕ್ಕಲ್ಲ. ಕಂಪನಿ ನಾಟಕಗಳ ಕಾಲದಲ್ಲಿ ಹಾರ್ಮೋನಿಯಂ ಮತ್ತು ತಬಲಾದವರು ವೇದಿಕೆಯ ಮುಂದೆಯೇ ಕೂರುತ್ತಿದ್ದರು. ನಟನು ಹಾರ್ಮೋನಿಯಂ ಮಾಸ್ತರರತ್ತ ಓರೆನೋಟ ಬೀರಿ ಆಲಾಪವನ್ನು ಇನ್ನೊಂದು ಸುತ್ತು ಎಳೆಯುವುದನ್ನು ಕಾಣಲೆಂದೇ ಜನ ಮುಂದಿನ ಜಾಗಕ್ಕೆ ಮುಗಿಬೀಳುತ್ತಿದ್ದರು. ಇಂದು ಮೇಳದವರು ಹೆಚ್ಚಾಗಿ ವೇದಿಕೆಯ ಒಂದು ಬದಿಯಲ್ಲಿ ಕೂರುತ್ತಾರೆ. ಅವರು ಯಾವ ಬದಿಗಿರುತ್ತಾರೆಂದು ತಂಡದವರನ್ನು ಕೇಳಿಕೊಂಡು ಅದಕ್ಕೆ ಎದುರಿನ ಬದಿಯಲ್ಲಿ ಕುಳಿತರೆ ವಾದ್ಯದವರೂ ಕಾಣುತ್ತಾರೆ, ಸದ್ದಿನ ಹೊಡೆತವೂ ಕಡಿಮೆಯಾಗುತ್ತದೆ. ಮೇಳವೇ ಇಲ್ಲದೆ ಮೊದಲೇ ಧ್ವನಿಮುದ್ರಿಸಿಕೊಂಡ ಸಂಗೀತಕ್ಕೆ ಹಾಡುವವರಾದರೆ, ಮುಂದಿನ ಸಾಲಿಗೆ 750 ಕೊಡುವ ಅಗತ್ಯವನ್ನು ನಾನಂತೂ ಕಾಣೆ.

ಇನ್ನೊಂದು ಮಾತು. ದೊಡ್ಡ ಸಭಾಂಗಣಗಳ ಮೊದಲ ಪ್ರದರ್ಶನಗಳಲ್ಲಿ ಮುಂದಿನ ಎರಡು ಮೂರು ಸಾಲುಗಳ ಬೆನ್ನಿಗೆ ‘ಗಣ್ಯರಿಗಾಗಿ’ ಎಂಬ ಕಾಗದ ಅಂಟಿಸಿರುವುದುಂಟು. ಸಂಖ್ಯೆಯಿಲ್ಲದ ‘ಮುಂಭಾಗ’ದ ಟಿಕೆಟ್ ಎಂದರೆ ಕೆಲವೊಮ್ಮೆ ಆ ಕಾಗದಗಳ ಹಿಂದಿನ ಸಾಲು ಎಂದರ್ಥ. ಗಣ್ಯರು ಬಾರದೆ ಕುರ್ಚಿಗಳು ಖಾಲಿ ಉಳಿದರೂ ಸ್ವಯಂಸೇವಕರು ಅಲ್ಲಿ ಕೂರಲು ಬಿಡುವುದಿಲ್ಲ. ಮೊದಲ ಪ್ರದರ್ಶನಕ್ಕೆ ಸಭಾ ಕಾರ್ಯಕ್ರಮ, ಹಾರ, ಶಾಲು, ಭಾಷಣಗಳೂ ಅಂಟಿಕೊಂಡಿರುತ್ತವೆ. ಚಿಕ್ಕ ಹುಡುಗಿಯನ್ನು ಕರೆದೊಯ್ಯುವವರು ಅದನ್ನೂ ಲೆಕ್ಕಕ್ಕೆ ಹಿಡಿಯಬೇಕು.

ಮರುಪ್ರಶ್ನೆ | ಬಸವನಗುಡಿಯ ಪ್ರೇಕ್ಷಕಿ

ಎಲ್ಲರಿಗೂ ಧನ್ಯವಾದಗಳು. ಮನಸ್ಸು ರಂಗಶಂಕರದ ಕಡೆಗೆ ವಾಲುತ್ತಿದೆ. ಆದರೆ ಅಲ್ಲಿ ಬದಿಯ ಆಸನಗಳೇ ಸಿಕ್ಕಿದರೆ ಹೇಗೆ? ಶ್ರವಣ ಸಾಧನಕ್ಕೆ ಏನಾದರೂ ಮಾಡಬೇಕೇ? ಆ್ಯಪ್‌ನಲ್ಲಿ ಟಿಕೆಟ್ ದರದ ಮೇಲೆ ಇನ್ನೂ ಹಣ ಸೇರುತ್ತಿರುವುದೇಕೆ?

ಉತ್ತರ 4 | ಧ್ವನಿ ವಿಭಾಗದಲ್ಲಿ ಕೆಲಸ ಮಾಡುವವನು

ಬದಿಯಲ್ಲಿ ಕುಳಿತರೆ ಕೆಲವು ದೃಶ್ಯಗಳಲ್ಲಿ ನಟರ ಬೆನ್ನು ಕಾಣುವುದು ನಿಜ. ಆದರೆ ಅಷ್ಟು ಚಿಕ್ಕ ಮಂದಿರದಲ್ಲಿ ಯಾವ ಆಸನವೂ ವೇದಿಕೆಯಿಂದ ದೂರವಲ್ಲ. ಮಧ್ಯಭಾಗದ ಮೂರು ನಾಲ್ಕನೆಯ ಸಾಲಿಗೆ ಪ್ರಯತ್ನಿಸಿ. ಶ್ರವಣ ಸಾಧನಗಳು ಮಾತಿಗೆಂದು ಹೊಂದಿಸಿರುವುದರಿಂದ ಜೋರಾದ ಸಂಗೀತವನ್ನು ಕೆಲವೊಮ್ಮೆ ಕದಡಿಬಿಡುತ್ತವೆ. ಹಲವು ಸಾಧನಗಳಲ್ಲಿ ಸಂಗೀತಕ್ಕೆಂದೇ ಬೇರೆ ಸೆಟ್ಟಿಂಗ್ ಇರುತ್ತದೆ. ಅದನ್ನು ಅಳವಡಿಸಿದವರ ಬಳಿ ಒಮ್ಮೆ ಕೇಳಿ, ಮನೆಯಲ್ಲೇ ಹಾಡು ಹಾಕಿ ಪರೀಕ್ಷಿಸಿ.

ಉತ್ತರ 5 | ಹನುಮಂತನಗರದಿಂದ

ಒಬ್ಬರಿಗೆ 500 ರೂಪಾಯಿವರೆಗಿನ ನಾಟಕದ ಟಿಕೆಟ್‌ಗೆ ಜಿಎಸ್‌ಟಿ ವಿನಾಯಿತಿ ಇದೆ, ಅದಕ್ಕಿಂತ ಹೆಚ್ಚಿನದಕ್ಕೆ ತೆರಿಗೆ ಇದೆ. ಬಹಳಷ್ಟು ತಂಡಗಳ ದರ 499 ಅಥವಾ 500ಕ್ಕೆ ನಿಲ್ಲುವುದಕ್ಕೆ ಇದೂ ಒಂದು ಕಾರಣ. ನಿಮ್ಮ 400ರ ಮೇಲೆ ಸೇರುತ್ತಿರುವುದು ಆ್ಯಪ್‌ನವರ ಸೇವಾ ಶುಲ್ಕ ಮತ್ತು ಆ ಶುಲ್ಕದ ಮೇಲಿನ ತೆರಿಗೆ. ರಂಗಮಂದಿರದ ಕೌಂಟರಿನಲ್ಲಿ ಟಿಕೆಟ್ ಕೊಡುತ್ತಾರೆಯೇ ಎಂದು ವಿಚಾರಿಸಿ. ಕೊಡುವುದಾದರೆ ಆ ಹಣ ಉಳಿಯುತ್ತದೆ. ರದ್ದುಪಡಿಸಿದರೆ ಹಣ ಮರಳುವುದೇ ಎಂಬುದನ್ನು ಪಾವತಿಗೆ ಮುನ್ನವೇ ಓದಿಕೊಳ್ಳಿ. ಮನೆಮಂದಿಯೆಲ್ಲ ಒಟ್ಟಿಗೆ ಕೂರಬೇಕಾದ್ದರಿಂದ ಭಾನುವಾರ ಮಧ್ಯಾಹ್ನದ ಪ್ರದರ್ಶನವೂ ಇದ್ದರೆ ಅದನ್ನೇ ಆರಿಸಿ, ಅತ್ತೆಯವರಿಗೆ ಅಂಚಿನ ಆಸನ ಬಿಟ್ಟುಕೊಡಿ. ಮಂಡಿ ಚಾಚಲು ಸ್ಥಳವಿರುತ್ತದೆ.